ಅಜ್ಜನ ಪಲ್ಟನ್ ಫೋಟೋಗೆ ಕತ್ತರಿ ಬೇಡ!

ಬಳ್ಳಾರಿಯಲ್ಲಿ ಬ್ರಿಟಿಷರ ದಂಡು ಇತ್ತೆಂಬುದಕ್ಕೆ ಕಂಟೋನ್‌ಮೆಂಟ್ ಸ್ಟೇಷನ್ನಿನ ಹೆಸರೇ ಸಾಕ್ಷಿ. ಆ ಕಾಲದ ಸಿಪಾಯಿಗಳ ಗಜದುದ್ದದ ಫೋಟೋ ಸಿರುಗುಪ್ಪದಲ್ಲೋ ಕುರುಗೋಡಲ್ಲೋ ಯಾರದಾದರೂ ಟ್ರಂಕಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದರೆ, ಜೋಕೆ!

ಇಂಥ ಫೋಟೋಕ್ಕೆಂದೇ 1904ರಲ್ಲಿ ಅಮೆರಿಕದಲ್ಲಿ ಸರ್ಕಟ್ ಕ್ಯಾಮೆರಾ ಪೇಟೆಂಟ್ ಪಡೆಯಿತು. ಸ್ಟ್ಯಾಂಡಿನ ಮೇಲೆ ತಾನೇ ತಿರುಗುತ್ತಾ ಇಡೀ ಪಲ್ಟನ್ನನ್ನು ಒಂದೇ ಫಿಲ್ಮಿಗೆ ಹಿಡಿಯುತ್ತಿತ್ತು. ತುಂಟನೊಬ್ಬ ಹಿಂದಿನಿಂದ ಓಡಿದರೆ ಎರಡೂ ತುದಿಯಲ್ಲಿ ಹಾಜರ್!

ಒಣಗಿದ ಸುರುಳಿಯನ್ನು ಎಳೆದರೆ ಮುಖಗಳ ಮೇಲೇ ಬಿರುಕು. ನೀರು ತಾಕಿಸದೆ, ತೇವದ ಗಾಳಿಯಲ್ಲಿಟ್ಟು ನಿಧಾನವಾಗಿ ಸಡಿಲಿಸಬೇಕು. ಗಾಜು ಅಂಟದಂತೆ ನಡುವೆ ಆಸಿಡ್ ಇಲ್ಲದ ರಟ್ಟಿರಲಿ. ಗೋಂದು, ಟೇಪು ಬೇಡವೇ ಬೇಡ. ಫ್ರೇಮ್ ಸಾಲದೆಂದು ಅಂಚು ಕತ್ತರಿಸಿದರೋ, ಅಲ್ಲಿ ಬರೆದಿದ್ದ ಪಲ್ಟನ್ ಹೆಸರು, ಇಸವಿ ಕಸದ ಬುಟ್ಟಿಗೆ. ಆಮೇಲೆ ಅಜ್ಜ ಎಲ್ಲಿದ್ದ ಅಂತ ಯಾರನ್ನ ಕೇಳೋದು?