ಗೊರವಯ್ಯನ ಕಂಬಳಿ, ಕಬಿನಿಯ ಕರಿಚಿರತೆ, ಬಾಂಬೆ ಬೆಕ್ಕು: ಮೂರಕ್ಕೂ ಒಂದೇ ಕಪ್ಪು!

ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಹೊಳಲು, ಮೈಲಾರದ ಕಡೆ ಹೋದರೆ ಕಣ್ಣಿಗೆ ರಾಚುವುದು ಎರಡು ಬಣ್ಣ: ಭಂಡಾರದ ಹಳದಿ, ಕಂಬಳಿಯ ಕಪ್ಪು. ಮೈಲಾರಲಿಂಗನ ಭವಿಷ್ಯವಾಣಿಯಾದ ಕಾರ್ಣಿಕ ಕೇಳಲು ನೆರೆದ ಜನಸಾಗರದಲ್ಲಿ, ಆ ದೇವರ ಸೇವಕರಾದ ಗೊರವಯ್ಯರ ಹೆಗಲ ಮೇಲೆ ಇರುವ ಆ ಕಪ್ಪನ್ನು ಯಾರೂ ಬಣ್ಣದಲ್ಲಿ ಅದ್ದಿ ತೆಗೆದಿಲ್ಲ. ಅದು ಕುರಿಯ ಮೈಮೇಲೆ ತಾನಾಗಿ ಬೆಳೆದದ್ದು. ಈ ಕಪ್ಪಿನ ಜಾಡು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಗೊತ್ತೇ? ಮೊದಲು ಅಮೆರಿಕದ ಬೆಕ್ಕಿನ ಪ್ರದರ್ಶನಕ್ಕೆ, ಅಲ್ಲಿಂದ ನಮ್ಮದೇ ಕಬಿನಿಯ ಕಾಡಿಗೆ!

ಬೆಕ್ಕಿನಿಂದಲೇ ಶುರು ಮಾಡೋಣ. ‘ಬಾಂಬೆ’ ಎಂಬ ಹೆಸರಿನ ತಳಿಯೊಂದಿದೆ. ಹೆಸರು ಬಾಂಬೆಯಾದರೂ ಅದು ಹುಟ್ಟಿದ್ದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ನಿಕ್ಕಿ ಹಾರ್ನರ್ ಎಂಬ ಹೆಣ್ಣುಮಗಳಿಗೆ 1950ರ ದಶಕದಲ್ಲಿ ಒಂದು ಹುಚ್ಚು ಹತ್ತಿತು: ಭಾರತದ ಕರಿಚಿರತೆ ಗಾತ್ರದಲ್ಲಿ ಕುಗ್ಗಿ, ಸೋಫಾದ ಮೇಲೆ ಮಲಗಿದರೆ ಹೇಗಿರುತ್ತದೋ ಅಂಥದೊಂದು ಬೆಕ್ಕು ಬೇಕು! ಕಡುಕಂದು ಬಣ್ಣದ ಬರ್ಮೀಸ್ ಬೆಕ್ಕಿಗೆ ಅಮೆರಿಕನ್ ಶಾರ್ಟ್‌ಹೇರ್ ತಳಿಯ ಕರಿ ಬೆಕ್ಕನ್ನು ಕೂಡಿಸಿ, ಮರಿಗಳನ್ನು ಆರಿಸುತ್ತಾ ಹೋದರು. ವರ್ಷಗಳ ಆಯ್ಕೆಯ ಕೊನೆಗೆ ಅಂಥ ಬೆಕ್ಕು ಬಂದೇ ಬಂತು. ಗುಂಡು ತಲೆ, ತಾಮ್ರದಂತೆ ಹೊಳೆಯುವ ಕಣ್ಣು, ಮೈಗಂಟಿದ ಗಿಡ್ಡ ಕೂದಲು. ತಳಿಯ ನಿಯಮವಂತೂ ಬಲು ಖಡಕ್: ಕೂದಲು ತುದಿಯಿಂದ ಬುಡದವರೆಗೂ ಕಪ್ಪೇ ಇರಬೇಕು, ಮೂಗು ಕಪ್ಪು, ಅಂಗಾಲಿನ ಮೆತ್ತೆಯೂ ಕಪ್ಪು.

ಈ ಕಪ್ಪು ಬರುವುದೆಲ್ಲಿಂದ? ಅದಕ್ಕೆ ನಿಮ್ಮ ಮನೆಯ ಪಟ್ಟೆ ಬೆಕ್ಕೇ ಸಾಕು. ಅದರ ಬೆನ್ನಿನಿಂದ ಉದುರಿದ ಒಂದೇ ಒಂದು ಕೂದಲನ್ನು ಬಿಳಿ ಕಾಗದದ ಮೇಲಿಟ್ಟು, ಬೆಳಕಿಗೆ ಹಿಡಿದು ನೋಡಿ. ಬುಡದಲ್ಲಿ ಮಾಸಲು ಬೂದಿ, ನಡುವೆ ಹಳದಿ ಪಟ್ಟಿ, ತುದಿಯಲ್ಲಿ ಕಪ್ಪು. ಒಂದೇ ಎಳೆಯಲ್ಲಿ ಇಷ್ಟು ಬಣ್ಣ! ಕೂದಲು ಬೆಳೆಯುವಾಗ ಚರ್ಮದಲ್ಲಿರುವ ಬಣ್ಣದ ಜೀವಕೋಶ ಮೊದಲು ಕಪ್ಪು ಸುರಿಯುತ್ತದೆ, ಆಮೇಲೆ ಹಳದಿಗೆ ಹೊರಳುತ್ತದೆ, ಮತ್ತೆ ಕಪ್ಪಿಗೆ ಮರಳುತ್ತದೆ. ‘ಈಗ ಕಪ್ಪು ಸಾಕು, ಹಳದಿ ಮಾಡು’ ಎಂದು ಅಪ್ಪಣೆ ಕೊಡುವ ಪ್ರೋಟೀನಿನ ಹೆಸರು ಅಗೌಟಿ. ಅದನ್ನು ತಯಾರಿಸುವ ಜೀನ್ ಕೆಟ್ಟರೆ ಅಪ್ಪಣೆ ಹೊರಡುವುದೇ ಇಲ್ಲ, ಜೀವಕೋಶ ಒಂದೇ ಸಮನೆ ಕಪ್ಪು ಸುರಿಯುತ್ತಲೇ ಇರುತ್ತದೆ. ಕರಿ ಬೆಕ್ಕಿನಲ್ಲಿ ಕೆಟ್ಟದ್ದು ಎಷ್ಟು ಎಂಬುದು 2003ರಲ್ಲಿ ಗೊತ್ತಾಯಿತು. ಆ ಜೀನನ್ನು ಬರೆದ ಡಿಎನ್ಎ ಅಕ್ಷರಗಳಲ್ಲಿ ಬರೀ ಎರಡು ಬಿಟ್ಟುಹೋಗಿವೆ. ಎರಡೇ ಅಕ್ಷರ, ಇಡೀ ಬೆಕ್ಕು ಕಪ್ಪು!

ಇನ್ನು ಕಬಿನಿಗೆ ಬನ್ನಿ. ನಾಗರಹೊಳೆಯ ಕರಿಚಿರತೆಯನ್ನು ನೋಡಲು ಜನ ದೇಶ ವಿದೇಶಗಳಿಂದ ಬಂದು ದಿನಗಟ್ಟಲೆ ಕಾಯುತ್ತಾರೆ. ಅದು ಬೇರೆ ಪ್ರಾಣಿಯಲ್ಲ, ಮಾಮೂಲಿ ಚಿರತೆಯೇ. ಎಳೆಬಿಸಿಲು ಓರೆಯಾಗಿ ಬಿದ್ದಾಗ ಅದರ ಮೈಯನ್ನು ದಿಟ್ಟಿಸಿದರೆ ಕಪ್ಪಿನೊಳಗೆ ಹೂಗುಚ್ಛದಂಥ ಚುಕ್ಕಿಗಳು ಮೆಲ್ಲನೆ ತೇಲಿ ಬರುತ್ತವೆ! ಚುಕ್ಕಿ ಎಲ್ಲಿಯೂ ಹೋಗಿಲ್ಲ, ಸುತ್ತಲಿನ ಹಳದಿಯೇ ಕಪ್ಪಾಗಿದೆ. ಏಷ್ಯಾದ ಕರಿಚಿರತೆಗಳಲ್ಲಿ ಕೆಟ್ಟಿರುವುದು ಯಾವ ಜೀನ್ ಎಂದು 2012ರಲ್ಲಿ ಹುಡುಕಿದಾಗ ಸಿಕ್ಕ ಉತ್ತರ ಅದೇ ಅಗೌಟಿ. ಭಾರತದ ಚಿರತೆಯನ್ನು ಕಣ್ಣಮುಂದಿಟ್ಟುಕೊಂಡು ಬೆಕ್ಕು ಸೃಷ್ಟಿಸಿದ ಕೆಂಟಕಿಯ ಹೆಂಗಸಿಗೆ, ಆ ಚಿರತೆ ಬಳಸಿದ ಜೀನನ್ನೇ ತಾನೂ ಹಿಡಿದಿದ್ದೇನೆ ಎಂದು ಎಲ್ಲಿ ಗೊತ್ತಿತ್ತು!

ಈಗ ಕುರಿ ಹಿಂಡಿಗೆ ಬರೋಣ, ಏಕೆಂದರೆ ನಿಜವಾದ ಸೋಜಿಗ ಇರುವುದು ಇಲ್ಲಿ. ಕುರಿಯಲ್ಲಿ ಲೆಕ್ಕವೇ ತಲೆಕೆಳಗು. ಬಿಳಿ ಎಂದರೆ ಏನೂ ಇಲ್ಲದ ಖಾಲಿ, ಕಪ್ಪು ಎಂದರೆ ಮೇಲೆ ಬಳಿದದ್ದು ಎಂದುಕೊಂಡಿರುತ್ತೇವಲ್ಲ? ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟದ್ದು ಬೇರೆಯೇ. ಬಿಳಿ ಕುರಿಯಲ್ಲಿ ಅಗೌಟಿ ಜೀನ್ ಇರುವ ಸುಮಾರು 1,90,000 ಅಕ್ಷರಗಳ ತುಂಡು ಪೂರ್ತಿಯಾಗಿ ನಕಲಾಗಿ, ಪಕ್ಕದಲ್ಲೇ ಮತ್ತೊಮ್ಮೆ ಕೂತಿದೆ! ನಕಲು ಪ್ರತಿಯ ಮುಂದೆ ನೆರೆಯ ಇನ್ನೊಂದು ಜೀನಿನ ಸ್ವಿಚ್ಚು ಬಂದು ಸೇರಿಕೊಂಡು, ಅಪ್ಪಣೆ ಹಗಲಿರುಳೂ ನಿಲ್ಲದೆ ಹೊರಡುತ್ತದೆ. ಹಾಗಾಗಿ ಕಪ್ಪು ತಯಾರಾಗುವುದೇ ಇಲ್ಲ. ಕುರಿ ಬೆಳ್ಳಗಿರುವುದು ಜೀನ್ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ!

ಎರಡು ಬಿಳಿ ಕುರಿಗಳಿಗೆ ಇದ್ದಕ್ಕಿದ್ದಂತೆ ಒಂದು ಕರಿ ಮರಿ ಹುಟ್ಟುವುದಕ್ಕೆ ಕಾರಣವೂ ಇದೇ. ತಾಯಿಯಲ್ಲೂ ಟಗರಿನಲ್ಲೂ ಕೆಟ್ಟ ಅಗೌಟಿ ಒಂದೊಂದು ಪ್ರತಿ ಅಡಗಿ ಕೂತಿರುತ್ತದೆ, ಬಿಳಿಯ ಜೋರಿನಲ್ಲಿ ಹೊರಗೆ ಕಾಣುವುದಿಲ್ಲ. ಎರಡೂ ಒಂದೇ ಮರಿಗೆ ಬಂದು ಸೇರಿದರೆ ಮರಿ ಕಪ್ಪು. ಅಂಥ ಜೋಡಿಗೆ ಹುಟ್ಟುವ ನಾಲ್ಕು ಮರಿಗಳಲ್ಲಿ ಸರಾಸರಿ ಒಂದು ಹೀಗೆ ಬರುತ್ತದೆ. ಬೆಕ್ಕಿನಲ್ಲಿ ಎರಡು ಅಕ್ಷರ ಬಿಟ್ಟುಹೋದಂತೆ, ಕರಿ ಕುರಿಗಳ ಒಂದು ಬಗೆಯಲ್ಲಿ ಬಿಟ್ಟುಹೋದದ್ದು ಐದು ಅಕ್ಷರ.

ಹೊಳಲಿನ ಸುತ್ತಿನ ಹೊಲಗಳಲ್ಲಿ ಮೇಯುವ ಬಳ್ಳಾರಿ ತಳಿಯ ಹಿಂಡನ್ನು ಈ ಕಣ್ಣಿನಿಂದ ನೋಡಿ. ಮಧ್ಯಮ ಮೈಕಟ್ಟು, ಜೋಲುವ ಚಪ್ಪಟೆ ಕಿವಿ, ಗಿಡ್ಡ ಸಣ್ಣ ಬಾಲ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ, ಟಗರುಗಳಲ್ಲೂ ಮೂರರಲ್ಲಿ ಒಂದಕ್ಕೆ ಮಾತ್ರ. ಹೊಟ್ಟೆಯ ಮೇಲೂ ಕಾಲಿನ ಮೇಲೂ ಉಣ್ಣೆಯಿಲ್ಲ, ಈ ಸೀಮೆಯ ಬಿಸಿಲಿಗೆ ಮೈ ಕಾವು ಆರಲು ಅದೂ ಒಂದು ದಾರಿ. ಬಣ್ಣದ ಮಾತಿಗೆ ಬಂದರೆ ಒಂದೇ ಹಿಂಡಿನಲ್ಲಿ ಅಪ್ಪಟ ಬಿಳಿ, ಅಪ್ಪಟ ಕರಿ, ನಡುವೆ ಲೆಕ್ಕವಿಲ್ಲದಷ್ಟು ಹಂಡಬಂಡ! ಮಂಡ್ಯದ ಬನ್ನೂರು ಕುರಿ ಬಿಳಿ, ರಾಯಚೂರು ಸೀಮೆಯ ಕೆಂಗುರಿ ಕೆಂಪು. ಬಳ್ಳಾರಿ ಕುರಿಗೆ ಮಾತ್ರ ಬಿಳಿಯಿಂದ ಕಪ್ಪಿನವರೆಗೆ ಎಲ್ಲವೂ ಸಲ್ಲುತ್ತದೆ. ಬಾಂಬೆ ಬೆಕ್ಕಿಗೆ ಎದೆಯ ಮೇಲೆ ಬಿಳಿ ಮಚ್ಚೆ ಬಂದರೆ ಪ್ರದರ್ಶನದಿಂದ ಹೊರಗೆ, ಇಲ್ಲಿ ಅರ್ಧ ಮೈ ಬೆಳ್ಳಗಿದ್ದರೂ ತಳಿಗೆ ಕುಂದಿಲ್ಲ.

ಹಂಡಬಂಡಕ್ಕೂ ಒಂದು ಕಥೆಯಿದೆ. ಮರಿ ಹೊಟ್ಟೆಯಲ್ಲಿರುವಾಗ ಬಣ್ಣದ ಜೀವಕೋಶಗಳು ಬೆನ್ನುಹುರಿಯ ಬಳಿ ಹುಟ್ಟಿ, ಅಲ್ಲಿಂದ ಮೈಯೆಲ್ಲ ಹರಡುತ್ತಾ ಹೊರಡುತ್ತವೆ. ಅವು ತಲುಪದ ಜಾಗ ಬಿಳಿಯಾಗಿ ಉಳಿಯುತ್ತದೆ. ಪ್ರತಿ ಮರಿಯಲ್ಲೂ ಈ ಪಯಣ ಬೇರೆ ಬೇರೆ, ಅದಕ್ಕೇ ಒಂದರ ಮಚ್ಚೆ ಇನ್ನೊಂದಕ್ಕಿಲ್ಲ!

ಕರಿ ಕುರಿಯ ಬೆನ್ನಿನ ಉಣ್ಣೆಯನ್ನು ಎರಡು ಬೆರಳಲ್ಲಿ ಬಿಡಿಸಿ ನೋಡಿ. ಮೇಲ್ತುದಿ ಬಿಸಿಲಿಗೆ ಕಂದಿ ಕಂದು, ಒಳಗೆ ಹೋದಂತೆ ಕಪ್ಪು, ಬುಡದಲ್ಲಿ ಕಾಡಿಗೆ. ಎಳೆಯೂ ಒರಟು, ಮೆರಿನೊ ಉಣ್ಣೆಯ ಎರಡರಷ್ಟಕ್ಕೂ ಹೆಚ್ಚು ದಪ್ಪ. ಕಂಬಳಿ ಚುಚ್ಚುವುದೂ ಅದರಿಂದಲೇ, ವರ್ಷಾನುಗಟ್ಟಲೆ ಬಾಳುವುದೂ ಅದರಿಂದಲೇ. ಕತ್ತರಿಸಿದ ಉಣ್ಣೆಯನ್ನು ಬಣ್ಣದ ಪ್ರಕಾರ ಬೇರೆ ಮಾಡಿ, ನೂತು, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ ಮಗ್ಗಕ್ಕೆ ಏರಿಸುತ್ತಾರೆ. ಮೈಗೆ ಕರಿ, ಅಂಚಿಗೆ ಬಿಳಿ. ಒಂದು ಹನಿ ಬಣ್ಣವೂ ಬೇಕಾಗುವುದಿಲ್ಲ.

ಜೀನ್ ಎಂಬ ಮಾತೇ ಇಲ್ಲದ ಕಾಲದಿಂದ ಕುರುಬರು ಈ ಬಣ್ಣಗಳನ್ನೆಲ್ಲ ಒಂದೇ ಹಿಂಡಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅಗೌಟಿ ಕೆಟ್ಟು ಕಪ್ಪಾದ ಟಗರಿಗೆ ಅಂಥದೇ ಕರಿ ಕುರಿ ಸೇರಿದರೆ ಹುಟ್ಟುವ ಮರಿಗಳೆಲ್ಲ ಕರಿಯೇ. ಗೊರವಯ್ಯನ ಹೆಗಲಿಗೆ ಮುಂದೆಯೂ ಕರಿ ಕಂಬಳಿ ಬರಬೇಕೆಂದರೆ ಬಣ್ಣದ ಕಾರ್ಖಾನೆ ಬೇಡ, ಹಿಂಡಿನ ಕರಿ ಟಗರನ್ನು ಸಂತೆಗೆ ಹೊಡೆಯದೆ ಉಳಿಸಿಕೊಂಡರೆ ಸಾಕು!