ಎರಡು ಚಾಟ್ನಿ, ಒಂದು ಸುಗ್ಗಿ

ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಅಚ್ಚಾದ ಯಾವ ವೈನ್ ಪುಸ್ತಕ ತೆರೆದರೂ ದ್ರಾಕ್ಷಿ ಬಳ್ಳಿಯ ವರ್ಷ ಒಂದೇ ತೆರನಾಗಿ ಸಾಗುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ, ವಸಂತದಲ್ಲಿ ಚಿಗುರು, ಸೆಪ್ಟೆಂಬರಿನ ಹೊತ್ತಿಗೆ ಕೊಯ್ಲು. ಪುಣೆ ಜಿಲ್ಲೆಯ ದ್ರಾಕ್ಷಿ ಪಡಗಳಲ್ಲಿ ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಕತ್ತರಿ ಹಿಡಿದ ಆಳುಗಳು ಸಾಲಿಗಿಳಿಯುತ್ತಾರೆ. ಹಣ್ಣು ಕೈಗೆ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ವೈನ್ ಬಗ್ಗೆ ತಿಳಿಯಬೇಕೆಂದು ಓದಲು ಕೂತ ನನಗೆ ಈ ವ್ಯತ್ಯಾಸವೇ ದಾರಿ ತೋರಿಸಿತು. ಇಲ್ಲಿಯ ವೈನ್ ಅರ್ಥವಾಗಬೇಕಾದರೆ ಮೊದಲು ಇಲ್ಲಿಯ ಬಳ್ಳಿ ಅರ್ಥವಾಗಬೇಕು.

ನಾನಿರುವುದು ಪುಣೆಯ ವಾಕಡದಲ್ಲಿ. ಮುಂಬೈ–ಬೆಂಗಳೂರು ಹೆದ್ದಾರಿ ಊರನ್ನು ಸೀಳಿಕೊಂಡೇ ಹೋಗುತ್ತದೆ, ಪಕ್ಕದಲ್ಲಿ ಹಿಂಜವಡಿಯ ಐಟಿ ಕಂಪನಿಗಳು. ವಿಜಯಪುರ, ಬೆಳಗಾವಿ, ಹುಬ್ಬಳ್ಳಿಯಿಂದ ಕೆಲಸಕ್ಕೆ ಬಂದು ನೆಲೆಸಿದವರು ಇಲ್ಲಿ ಬೇಕಾದಷ್ಟು. ವಿಜಯಪುರ ಕಡೆಯ ನನಗೆ ದ್ರಾಕ್ಷಿ ಹೊಸದಲ್ಲ. ತಿಕೋಟಾ ಸುತ್ತಮುತ್ತ ದ್ರಾಕ್ಷಿಯೆಂದರೆ ಒಣದ್ರಾಕ್ಷಿ, ಗೊನೆಯನ್ನು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ನೆರಳಲ್ಲಿ ಹರವುವ ಕೆಲಸ, ಆಮೇಲೆ ಸಾಂಗ್ಲಿ, ತಾಸಗಾಂವದ ಮಾರುಕಟ್ಟೆ. ವೈನ್ ನನ್ನ ಬದುಕಿಗೆ ಬಂದದ್ದು ವಾಕಡದ ಗೆಳೆಯರ ಊಟದ ಮೇಜಿನಿಂದ. ಬಂದಮೇಲೆ ಅದನ್ನು ಬರೀ ಕುಡಿದು ಬಿಡಲು ಮನಸ್ಸಾಗಲಿಲ್ಲ.

ಉಷ್ಣವಲಯದಲ್ಲಿ ಬಳ್ಳಿಗೆ ನಿದ್ದೆಯಿಲ್ಲ. ತನ್ನ ಪಾಡಿಗೆ ಬಿಟ್ಟರೆ ವರ್ಷವಿಡೀ ಹಸಿರಾಗಿದ್ದು ಸೊಪ್ಪು ಬೆಳೆಸುತ್ತದೆ, ಹಣ್ಣು ಅಷ್ಟಕ್ಕಷ್ಟೆ. ಹಾಗಾಗಿ ದಖನ್ನಿನ ರೈತ ವರ್ಷಕ್ಕೆರಡು ಸಲ ಚಾಟ್ನಿ, ಎಂದರೆ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾನೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ. ಆಗ ಹೊರಟ ಕಡ್ಡಿಯ ಕಣ್ಣುಗಳೊಳಗೆ, ಬೇಸಿಗೆಯ ಬಿಸಿಲಿನಲ್ಲಿ, ಮುಂದಿನ ಗೊನೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ರೂಪುಗೊಳ್ಳುತ್ತದೆ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಬಲಿತ ಕಡ್ಡಿಯನ್ನು ಫಲವಿರುವ ಕಣ್ಣು ನೋಡಿ ಕತ್ತರಿಸಿ, ಎಲ್ಲ ಕಣ್ಣೂ ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ಸವರುತ್ತಾರೆ. ಆ ದಿನಗಳಲ್ಲಿ ಮಳೆ ಹಿಡಿದುಕೊಂಡರೆ ಡೌನಿ ರೋಗ ಹೂಗೊನೆಯನ್ನೇ ತಿಂದುಹಾಕುತ್ತದೆ. ಹಣ್ಣಿನ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಇಲ್ಲಿಯವರೆಗಿನ ದಾರಿ ಒಂದೇ, ಮುಂದೆ ಬೇರೆಯಾಗುತ್ತದೆ. ಮಾರುಕಟ್ಟೆಯ ದ್ರಾಕ್ಷಿ ದಪ್ಪಗಾಗಲೆಂದು ಗೊನೆಗೆ ಜಿಬ್ಬರೆಲಿಕ್ ಆಮ್ಲ ಕೊಡುತ್ತಾರೆ. ವೈನಿಗೆ ಬೇಕಾದದ್ದು ಸಣ್ಣ ಕಾಳು, ದಪ್ಪ ಸಿಪ್ಪೆ. ಕ್ಯಾಬರ್ನೆ ಎಂಬ ವೈನ್ ತಳಿಯ, ಕಪ್ಪಗೆ ಮಾಗಿದ ಕಾಳೊಂದನ್ನು ಬೆರಳಲ್ಲಿ ಹಿಚುಕಿ ನೋಡಿ, ಒಸರುವ ರಸಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪು ವೈನಿನ ಕೆಂಪು, ಒಗರು, ಪರಿಮಳದ ಬಹುಪಾಲು ಸಿಪ್ಪೆಯಲ್ಲಿದೆ. ಅದಕ್ಕೇ ಕೆಂಪು ವೈನನ್ನು ಸಿಪ್ಪೆಯ ಸಮೇತ ಹುದುಗಿಸುತ್ತಾರೆ, ಬಿಳಿಯದಕ್ಕೆ ಮೊದಲೇ ರಸ ಹಿಂಡಿ ತೆಗೆಯುತ್ತಾರೆ.

ಈ ವಿದ್ಯೆಗೆಲ್ಲ ನಮ್ಮ ಭಾಗದಲ್ಲಿ ಒಂದು ಮನೆಯಿದೆ. ಹಡಪಸರ ದಾಟಿ ಮಾಂಜರಿಗೆ ಹೋದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಸಿಗುತ್ತದೆ. 1997ರಲ್ಲಿ ಶುರುವಾದ ಈ ಕೇಂದ್ರದ ತೋಟದಲ್ಲಿ ನಾನೂರಕ್ಕೂ ಹೆಚ್ಚು ದ್ರಾಕ್ಷಿ ತಳಿಗಳ ಸಂಗ್ರಹವಿದೆ. 2010ರಲ್ಲಿ ರಾಸಾಯನಿಕದ ಉಳಿಕೆಯ ಕಾರಣಕ್ಕೆ ಯುರೋಪು ಭಾರತದ ದ್ರಾಕ್ಷಿಯನ್ನು ತಿರಸ್ಕರಿಸಿದ್ದು ಬೆಳೆಗಾರರಿಗೆ ಇನ್ನೂ ನೆನಪಿದೆ. ರಫ್ತಿನ ದ್ರಾಕ್ಷಿಯಲ್ಲಿ ಇಂಥ ಉಳಿಕೆಯನ್ನು ಅಳೆಯುವ ಲ್ಯಾಬುಗಳಿಗೆ ಮೇಲ್ಪಂಕ್ತಿಯೂ ಇದೇ ಕೇಂದ್ರ. ಇಲ್ಲಿಂದ ಬಂದ ಮಾಂಜರಿ ಮೇಡಿಕಾ ಎಂಬ ಜ್ಯೂಸ್ ತಳಿಯಲ್ಲಿ ಒಳಗಿನ ತಿರುಳೂ ಕೆಂಪು. ಬೇರಿನ ಕಥೆ ಇನ್ನೂ ದೊಡ್ಡದು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಫ್ರಾನ್ಸಿನ ತೋಟಗಳನ್ನು ನೆಲಕಚ್ಚಿಸಿದಾಗ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿ ಬದುಕಿಸಿಕೊಂಡರು. ನಮ್ಮಲ್ಲೂ ಟೆಕ್ಸಾಸ್ ಮೂಲದ ಡಾಗ್‌ರಿಜ್ ಬೇರಿಗೇ ಕಸಿ ಕಟ್ಟುತ್ತಾರೆ, ಆದರೆ ಇಲ್ಲಿಯ ಕಾರಣ ಕೀಟವಲ್ಲ: ಉಪ್ಪುನೀರು ಮತ್ತು ಬರ.

ಈ ಜಿಲ್ಲೆಗೆ ವೈನಿನ ಇತಿಹಾಸವೂ ಉಂಟು, ಅದರಲ್ಲಿ ನೋವೂ ಉಂಟು. 1980ರ ದಶಕದಲ್ಲಿ ಶ್ಯಾಮರಾವ್ ಚೌಗುಲೆಯವರು ಷಾಂಪೇನ್ ಪ್ರಾಂತದ ಪರಿಣತರ ನೆರವು ಪಡೆದು ನಾರಾಯಣಗಾಂವದಲ್ಲಿ ನೊರೆಯುಕ್ಕುವ ವೈನ್ ಮಾಡಿದರು. ಅವರ ಶಾಟೋ ಇಂಡಾಜ್ ಕಂಪನಿಯ ಒಮರ್ ಖಯ್ಯಾಮ್ ಎಂಬ ಆ ವೈನ್ ವಿದೇಶಕ್ಕೂ ಹೋಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಕನ್ವಲ್ ಗ್ರೋವರ್ ಫ್ರಾನ್ಸಿನ ತಳಿಗಳನ್ನು ನೆಡಿಸಿದರು, 1992ರಲ್ಲಿ ಅವರ ಮೊದಲ ವೈನ್ ಬಂತು. 1949ರ ಪಾನನಿಷೇಧ ಕಾಯ್ದೆಯನ್ನು ಇಂದಿಗೂ ಇಟ್ಟುಕೊಂಡು ಕುಡಿಯಲು ಪರ್ಮಿಟ್ ಕೇಳುವ ಮಹಾರಾಷ್ಟ್ರವೇ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನರಿಗಳಿಗೆ ಬಾಗಿಲು ತೆರೆಯಿತು. ಕರ್ನಾಟಕದ ನೀತಿ ಬಂದದ್ದು 2007ರಲ್ಲಿ. ಇಂಡಾಜ್ ಆ ದಶಕ ಮುಗಿಯುವ ಹೊತ್ತಿಗೆ ಸಾಲದ ಭಾರಕ್ಕೆ ಕುಸಿದುಬಿತ್ತು, ಎಷ್ಟೋ ರೈತರು ವೈನ್ ಬಳ್ಳಿಗಳನ್ನು ಕಿತ್ತುಹಾಕಿದರು. ಬೀಜವಿರುವ ಆ ಸಣ್ಣ ಕಾಳನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ವೈನರಿ ಬೇಡವೆಂದರೆ ಅದಕ್ಕೆ ಬೇರೆ ಗಿರಾಕಿಯಿಲ್ಲ. ವಿಜಯಪುರದ ರೈತ ವೈನ್ ತಳಿಗೆ ಹಿಂದೇಟು ಹಾಕಿದರೆ ಅವನಿಗೆ ಧೈರ್ಯವಿಲ್ಲ ಎನ್ನುವುದು ಅನ್ಯಾಯ. ಥಾಮ್ಸನ್ ಸೀಡ್‌ಲೆಸ್ ತಿನ್ನಲೂ ಹೋಗುತ್ತದೆ, ಒಣಗಿಸಲೂ ಆಗುತ್ತದೆ, ದರ ಬಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ಕಾಯಬಹುದು.

ರುಚಿಯ ಪಾಠ ಈ ತಿಳಿವಳಿಕೆಯ ಬೆನ್ನಿಗೇ ಬರುತ್ತದೆ. ನಮ್ಮ ಬಿಸಿಲಿನಲ್ಲಿ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಅದಕ್ಕೇ ತಂಪಿರುವಾಗಲೇ, ಬೆಳಗಿನ ಜಾವ, ಕೊಯ್ಲು ಮಾಡುತ್ತಾರೆ. ಗುಟುಕು ನುಂಗಿದ ಮೇಲೆ ಬಾಯಲ್ಲಿ ನೀರೂರಿದರೆ ಹುಳಿ ಉಳಿದಿದೆ ಎಂದು ಲೆಕ್ಕ. ಹಸಿ ಅಡಿಕೆ ಜಗಿದಂತೆ ಒಸಡು ಬಿಗಿದುಕೊಂಡರೆ ಅದು ಸಿಪ್ಪೆ, ಬೀಜಗಳ ಟ್ಯಾನಿನ್. ಖಡಕ್ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರದ ಊಟಕ್ಕೆ ಒಗರು ಜಾಸ್ತಿಯಿರುವ ಕೆಂಪು ವೈನ್ ಒಗ್ಗುವುದಿಲ್ಲ, ಆಲ್ಕೋಹಾಲು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ತುಸು ಸಿಹಿ ಉಳಿಸಿದ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಇದಕ್ಕಿಂತ ಎಷ್ಟೋ ಹಿತ. ದುಬಾರಿ ಬಾಟಲಿಯೇ ಬೇಕೆಂದಿಲ್ಲ, ಆದರೆ ಮೇ ತಿಂಗಳ ಪುಣೆಯಲ್ಲಿ ಅದನ್ನು ಅಡುಗೆಮನೆಯ ಕಪಾಟಿನಲ್ಲಿ ನಿಲ್ಲಿಸಿಟ್ಟರೆ ಎಂಥ ವೈನೂ ಕೆಡುತ್ತದೆ.

ಕಣ್ಣಾರೆ ನೋಡಬೇಕೆನ್ನುವವರಿಗೆ ಸೊಲ್ಲಾಪುರ ರಸ್ತೆ ಹಿಡಿದು, ಪಾಟಸ್‌ನಿಂದ ಬಾರಾಮತಿ ಕಡೆ ತಿರುಗಿದರೆ ಸಿಗುವ ರೋಟಿ ಗ್ರಾಮದ ಫೋರ್ ಸೀಸನ್ಸ್ ವೈನರಿ ಇದೆ. ಕಟ್ಟಿಸಿದ್ದು ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್, ಈಗ ಅದು ನಂದಿಯ ಗ್ರೋವರ್ ಬಳಗದ್ದು. ಫೆಬ್ರುವರಿ ಆಸುಪಾಸಿನಲ್ಲಿ ಹೋಗಿ, ಬೆಳಿಗ್ಗೆ ಬೇಗ ಹೋಗಿ. ರುಚಿ ನೋಡುವ ಕೋಣೆಗಿಂತ ಮೊದಲು ಟ್ಯಾಂಕುಗಳ ಕಡೆ ನಡೆದು, ಹಣ್ಣು ಬಂದಾಗ ಬ್ರಿಕ್ಸ್, ಎಂದರೆ ರಸದ ಸಕ್ಕರೆಯ ಅಳತೆ, ಎಷ್ಟಿತ್ತು ಎಂದು ಕೇಳಿ. 24 ಎಂದರೆ ಸಕ್ಕರೆಯೆಲ್ಲ ಹುದುಗಿದ ಮೇಲೆ ಸುಮಾರು 13ರಿಂದ 14 ಶೇಕಡಾ ಆಲ್ಕೋಹಾಲು. ಆಮೇಲೆ ಆ ಹಣ್ಣು ಯಾವ ಊರಿನ ಪಡದ್ದು ಎಂದೂ ಕೇಳಿ.