ಖಾರದ ಬಿಸಿ, ಕೆಂಡದ ಬಿಸಿ

ಲಾವೋಸ್ ಆಗ್ನೇಯ ಏಷ್ಯಾದ ಒಂದು ಪುಟ್ಟ ದೇಶ. ಸಮುದ್ರ ತೀರವೇ ಇಲ್ಲದ ಈ ನಾಡಿಗೆ ಮೆಕಾಂಗ್ ನದಿಯೇ ಜೀವನಾಡಿ. ರಾಜಧಾನಿ ವಿಯೆಂಟಿಯಾನ್ ಇರುವುದೂ ಅದರ ದಡದಲ್ಲೇ. ಸಂಜೆಯಾಯಿತೆಂದರೆ ಅಲ್ಲಿನ ಸಂತೆಗಳಲ್ಲಿ, ರಸ್ತೆ ಬದಿಯಲ್ಲಿ ಇದ್ದಿಲ ಒಲೆಗಳು ಹೊತ್ತಿಕೊಳ್ಳುತ್ತವೆ. ಸೀಳಿದ ಬಿದಿರಿನ ಕಡ್ಡಿಗಳ ನಡುವೆ ಸಿಕ್ಕಿಸಿ ಕಟ್ಟಿದ ಕೋಳಿ ಕೆಂಡದ ಮೇಲೆ ನಿಧಾನವಾಗಿ ಕೆಂಪೇರುತ್ತದೆ. ಇದರ ಹೆಸರು ‘ಪಿಂಗ್ ಕೈ’. ಲಾವೋ ಭಾಷೆಯಲ್ಲಿ ‘ಪಿಂಗ್’ ಎಂದರೆ ಕೆಂಡದ ಮೇಲೆ ಸುಡುವುದು. ‘ಕೈ’ ಎಂದರೆ ಕೋಳಿ. ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ, ತಿನ್ನುವುದು ಮಾತ್ರ ಕೈಯಿಂದಲೇ!

ಅಂಟು ಅನ್ನದ ಉಂಡೆಯೊಂದಿಗೆ, ‘ಜೇವ್’ ಎಂಬ ಖಾರದ ಚಟ್ನಿಯಲ್ಲಿ ಅದ್ದಿ ತಿಂದರೆ ಬಾಯಿ ಉರಿಯುತ್ತದೆ. ಆದರೆ ನಾಲಿಗೆಗೆ ‘ಬಿಸಿ’ ಎನಿಸಿದ್ದೆಲ್ಲ ಬೆಂದಿರುತ್ತದೆಯೇ?

ನಾಲಿಗೆಗೆ ಆಗುವ ಮೋಸ

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಪೋರ್ಚುಗೀಸರ ಮೂಲಕ ಏಷ್ಯಾಕ್ಕೆ ಬಂದ ಅದು ನಮ್ಮ ಅಡುಗೆಯಂತೆ ಲಾವೋ ಅಡುಗೆಯನ್ನೂ ಆವರಿಸಿಕೊಂಡಿತು. ಅದರ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ನಾಲಿಗೆಯ ನರತುದಿಗಳಲ್ಲಿ ಸುಮಾರು 43 ಡಿಗ್ರಿ ಸೆಂಟಿಗ್ರೇಡ್ ಮೀರಿದ ಶಾಖವನ್ನು ಗುರುತಿಸುವ ಒಂದು ಪ್ರೋಟೀನು ಇದೆ. ಕ್ಯಾಪ್ಸೈಸಿನ್ ಅದೇ ಪ್ರೋಟೀನನ್ನು ಕೆರಳಿಸುತ್ತದೆ. ತಣ್ಣಗಿನ ಚಟ್ನಿ ತಿಂದರೂ ಮೆದುಳಿಗೆ ಹೋಗುವ ಸುದ್ದಿ ‘ಸುಡುತ್ತಿದೆ’ ಎಂದೇ! 1997ರಲ್ಲಿ ಇದನ್ನು ಪತ್ತೆ ಮಾಡಿದ ತಂಡದ ನಾಯಕ, ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು.

ನಾಲಿಗೆ ಮೋಸ ಹೋಗಬಹುದು. ರೋಗಾಣುಗಳು ಮೋಸ ಹೋಗುವುದಿಲ್ಲ. ಅವುಗಳನ್ನು ನಂಬಿಕೆಯಿಂದ ಕೊಲ್ಲಬಲ್ಲುದು ನಿಜವಾದ ಶಾಖವೇ.

ಹುಳಿಯೂ ಬೇಯಿಸದು

ಇದಕ್ಕೆ ಕಹಿಯಾದ ಸಾಕ್ಷಿಯೂ ಅದೇ ಮೆಕಾಂಗ್ ದಡದಲ್ಲಿದೆ. ‘ಕೊಯ್ ಪಾ’ ಎಂಬುದು ಅಲ್ಲಿನ ಇನ್ನೊಂದು ಜನಪ್ರಿಯ ತಿನಿಸು. ಹಸಿ ಮೀನನ್ನು ಸಣ್ಣಗೆ ಕೊಚ್ಚಿ ನಿಂಬೆರಸ, ಮೆಣಸಿನಕಾಯಿ ಬೆರೆಸುತ್ತಾರೆ. ಹುಳಿ ತಗುಲಿದೊಡನೆ ಮೀನು ಬೆಂದಂತೆ ಬೆಳ್ಳಗಾಗುತ್ತದೆ. ಆದರೆ ಸಿಹಿನೀರಿನ ಕೆಲವು ಮೀನುಗಳಲ್ಲಿ ಅಡಗಿರುವ ಯಕೃತ್ತಿನ ಚಪ್ಪಟೆ ಹುಳುವಿನ ಮರಿಗಳು ಇದರಿಂದ ಸಾಯುವ ಭರವಸೆಯಿಲ್ಲ. ಅವು ಮನುಷ್ಯನ ಪಿತ್ತನಾಳ ಸೇರಿ ವರ್ಷಗಟ್ಟಲೆ ಬದುಕುತ್ತವೆ. ಮುಂದೆ ಕೆಲವರಲ್ಲಿ ಪಿತ್ತನಾಳದ ಕ್ಯಾನ್ಸರ್‌ಗೆ ಕಾರಣವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲೇ ಈ ಹುಳುವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅದೇ ಮೀನನ್ನು ಕೆಂಡದ ಮೇಲೆ ಒಳಗಿನವರೆಗೂ ಬೇಯಿಸಿದರೆ ಈ ಭಯವಿಲ್ಲ.

ಮಸಾಲೆ ಹೊರಗೆ, ಶಾಖ ಒಳಗೆ

ಪಿಂಗ್ ಕೈಗೆ ಬೆಳ್ಳುಳ್ಳಿ, ಕಾಳುಮೆಣಸು, ಕೊತ್ತಂಬರಿ ಬೇರು, ಮಜ್ಜಿಗೆಹುಲ್ಲು ಇವನ್ನು ಒರಳಿನಲ್ಲಿ ಕುಟ್ಟಿ, ಉಪ್ಪುಮೀನಿನ ರಸ ಬೆರೆಸಿ ಹಚ್ಚುತ್ತಾರೆ. ಖಾರ ಬೇಕಾದವರು ಮೆಣಸಿನಕಾಯಿಯನ್ನೂ ಕುಟ್ಟುತ್ತಾರೆ. ಇಡೀ ರಾತ್ರಿ ನೆನೆಸಿದರೆ ಮಸಾಲೆ ಮೂಳೆಯವರೆಗೆ ಇಳಿಯುತ್ತದೆಂಬುದು ಜನಸಾಮಾನ್ಯರ ನಂಬಿಕೆ. ವಾಸ್ತವದಲ್ಲಿ ಉಪ್ಪು ಮಾತ್ರ ವಿಸರಣ ಕ್ರಿಯೆಯಿಂದ ನಿಧಾನವಾಗಿ ಒಳಗೆ ಸಾಗುತ್ತದೆ. ಮಾಂಸದ ಸುಮಾರು ಮುಕ್ಕಾಲು ಭಾಗ ನೀರು. ಮಸಾಲೆಯ ಪರಿಮಳ ದ್ರವ್ಯಗಳಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಗುವಂಥವು. ಅವು ಕೆಲವು ಮಿಲಿಮೀಟರ್ ದಾಟುವುದೂ ಕಷ್ಟ. ಕೋಳಿಯನ್ನು ಸೀಳಿ ಚಪ್ಪಟೆ ಮಾಡಿದರೆ ಮಸಾಲೆ ತಗುಲುವ ಮೇಲ್ಮೈ ಹೆಚ್ಚುತ್ತದೆ, ದಪ್ಪ ಕಡಿಮೆಯಾಗುತ್ತದೆ.

ದಪ್ಪ ಕಡಿಮೆಯಾದರೆ ಶಾಖಕ್ಕೂ ಅನುಕೂಲ. ಮಾಂಸ ಉತ್ತಮ ಉಷ್ಣವಾಹಕವಲ್ಲ. ತುಂಡಿನ ದಪ್ಪ ಎರಡರಷ್ಟಾದರೆ ಬೇಯಲು ಬೇಕಾಗುವ ಕಾಲ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು! ಗಣಿತದ ವರ್ಗಸಂಖ್ಯೆ ಒಲೆಯ ಮುಂದೆಯೂ ಬಿಡುವುದಿಲ್ಲ.

ಹೊರಮೈಯ ಕಥೆಯೇ ಬೇರೆ. ಅಲ್ಲಿನ ನೀರು ಆರಿ ಶಾಖ ಸುಮಾರು 140 ಡಿಗ್ರಿ ಮುಟ್ಟಿದಾಗ ಅಮೈನೋ ಆಮ್ಲಗಳೂ ಸಕ್ಕರೆಗಳೂ ವೇಗವಾಗಿ ವರ್ತಿಸಿ ಕಂದುಬಣ್ಣ, ಘಮ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಾಮಿಲ್ ಮೈಯಾರ್ ಹೆಸರಿನಲ್ಲೇ ಇದು ‘ಮೈಯಾರ್ ಕ್ರಿಯೆ’. ದೋಸೆಯ ಕೆಂಪಿನ ಹಿಂದೆಯೂ ಇದೇ ಇದೆ.

ಉರಿ ಜೋರಾದರೆ ಹೊರಗೆ ಕರಕಲು, ಒಳಗೆ ಹಸಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಎದ್ದ ಹೊಗೆಯಲ್ಲಿ, ಕರಕಲಾದ ಮಾಂಸದಲ್ಲಿ ಹಾನಿಕರ ರಾಸಾಯನಿಕಗಳೂ ಇರುತ್ತವೆ. ಆದ್ದರಿಂದ ಕೆಂಡಕ್ಕೆ ಬೂದಿ ಮುಸುಕುವವರೆಗೆ ಕಾದು, ಅಂತರವಿಟ್ಟು, ಆಗಾಗ ತಿರುವುತ್ತ ಬೇಯಿಸುವುದೇ ಸರಿಯಾದ ಕ್ರಮ.

ಮನೆಯಲ್ಲಿ ಮಾಡುವುದಾದರೆ

ಒಂದು ಕಿಲೋ ಕೋಳಿ ತೊಡೆಗೆ 8 ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸು, ಎರಡು ದಂಟು ಮಜ್ಜಿಗೆಹುಲ್ಲು, ನಾಲ್ಕು ಒಣಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ ಬೇರು-ದಂಟು ಸಾಕು. ಮೀನಿನ ರಸ ಸಿಗದಿದ್ದರೆ ಎರಡು ಚಮಚ ಉಪ್ಪು. ಮಸಾಲೆ ಹಚ್ಚಿ ಎರಡು-ಮೂರು ಗಂಟೆ ಫ್ರಿಜ್ಜಿನಲ್ಲಿಡಬೇಕು, ಹೊರಗಲ್ಲ. ಕೆಂಡದ ಮುಂದೆ ಮಕ್ಕಳಿದ್ದರೆ ದೊಡ್ಡವರು ಜೊತೆಗಿರಬೇಕು. ಮೂಳೆಯ ಪಕ್ಕದ ದಪ್ಪ ಭಾಗದಲ್ಲಿ ಶಾಖ 74 ಡಿಗ್ರಿ ತಲುಪಬೇಕು; ಅಡುಗೆಯ ಥರ್ಮಾಮೀಟರ್ ಇದ್ದರೆ ಮಕ್ಕಳಿಗೆ ಅದೇ ಒಂದು ಪ್ರಯೋಗ. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಹಾಕಬಾರದು. ಉಳಿದ ಮಸಾಲೆ ರಸವನ್ನು ಚೆನ್ನಾಗಿ ಕುದಿಸದೆ ಬಳಸಬಾರದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತದೆ ಗಾದೆ. ಕೆಂಪಗಾದುದೆಲ್ಲ ಬೆಂದದ್ದಲ್ಲ, ಖಾರವಾದುದೆಲ್ಲ ಬಿಸಿಯಲ್ಲ ಎಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಬಹುದು.